ಕಂಪ್ಲಿ ಗಿರಣಿಯಲ್ಲಿ ಐದನೆಯವಳು

ಅವರು ನನ್ನ ಕೈ ಹಿಡಿದುಕೊಂಡರು ಎಂದು ಬರೆದೆ. ಹೊಡೆದುಹಾಕಿದೆ. ನಾನೇ ಕೈ ಚಾಚಿದೆ ಎಂದು ಬರೆದೆ. ಅದನ್ನೂ ಹೊಡೆದುಹಾಕಿದೆ. ಕೈಗವಸು ತೆಗೆಯುತ್ತಿದ್ದವಳ ಕೈ ಹೇಗೂ ಮುಂದಕ್ಕಿತ್ತು, ಅದಕ್ಕೆ ಅವರು ಅರಿಶಿನ ಹಚ್ಚಿದರು ಎಂದು ಬರೆದಾಗ ನನಗೇ ಅನುಮಾನ ಬಂತು. ಇದರಲ್ಲಿ ನನ್ನ ಪಾಲು ತೀರಾ ಕಡಿಮೆಯಾಯಿತು. ನನ್ನ ನೆನಪು ನನ್ನ ಪರವಾಗಿ ಸಾಕ್ಷಿ ಹೇಳುವುದರಲ್ಲಿ ಪಳಗಿದೆ. ಆದ್ದರಿಂದ ಎರಡನೆಯದನ್ನೇ ಇಟ್ಟುಕೊಳ್ಳುತ್ತೇನೆ. ನಾನೇ ಕೈ ಚಾಚಿದೆ.

ಅರಿಶಿನ ಹಚ್ಚಿದವರು ಕಂಪ್ಲಿಯಿಂದ ಎಮ್ಮಿಗನೂರಿಗೆ ಹೋಗುವ ರಸ್ತೆಯಲ್ಲಿರುವ ಅಕ್ಕಿ ಗಿರಣಿಯೊಂದರ ಒಡತಿ. ನಾನು ಅಲ್ಲಿಗೆ ಕರೆಂಟಿನ ಕೆಲಸಕ್ಕೆ ಹೋದವಳು. ನನ್ನ ಗಂಡ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಇದು ಅವರಿಗೆ ಗೊತ್ತಿರಲಿಲ್ಲ.

ಕೆಲಸ ಏನೆಂದು ಮೊದಲು ಹೇಳಬೇಕು. ಹೊಸಪೇಟೆಯ ಒಂದು ಸಣ್ಣ ಗುತ್ತಿಗೆ ಕಂಪನಿಯಲ್ಲಿ ನಾನು ಮೇಲ್ವಿಚಾರಕಿ. ಭಾರಿ ವೋಲ್ಟೇಜಿನ ಟ್ರಾನ್ಸ್‌ಫಾರ್ಮರು, ಕೇಬಲ್ಲುಗಳ ತುದಿಗಳಲ್ಲಿ ಬೆತ್ತಲೆ ಲೋಹ ಎಲ್ಲೆಲ್ಲಿ ಹೊರಗೆ ಕಾಣುತ್ತದೋ ಅಲ್ಲೆಲ್ಲ ಸಿಲಿಕೋನಿನ ಹೊದಿಕೆ ಹಾಕುವುದು ನಮ್ಮ ಕೆಲಸ. ಅದು ಗಟ್ಟಿ ಮೊಸರಿನಂಥ ಬಿಳಿ ಪೇಸ್ಟು. ಕೊಳವೆಯಿಂದ ಹಿಂಡಿ, ಸವರಿ, ಅಂಚು ತಿದ್ದಿ, ನೇರಳೆ ಬಣ್ಣದ ದೀಪ ಹಿಡಿಯುತ್ತೇವೆ. ಆ ಬೆಳಕಿಗೆ ಪೇಸ್ಟು ಕೂತಲ್ಲೇ ರಬ್ಬರಾಗುತ್ತದೆ. ಸಂಡೂರಿನ ಗಣಿಗಳಲ್ಲಿ ಅದಿರಿನ ಧೂಳು ಪಿಂಗಾಣಿಯ ಮೇಲೆ ಕೂತು, ಬೆಳಗಿನ ಇಬ್ಬನಿಗೆ ನೆನೆದು, ಕರೆಂಟು ಧೂಳಿನ ಮೇಲೇ ಹರಿದುಬಿಡುತ್ತದೆ. ಅಲ್ಲಿ ಈ ಹೊದಿಕೆ ಬೇಕು. ಹಂಪಿಯ ಕಡೆ ಪಂಪ್‌ಹೌಸುಗಳಲ್ಲಿ ಮಂಗಗಳು ತಂತಿಗೆ ಕೈ ಹಾಕಿ ಸಾಯುತ್ತವೆ, ಅಲ್ಲೂ ಬೇಕು. ಅಕ್ಕಿ ಗಿರಣಿಯಲ್ಲಿ ಬೇಕಾಗುವುದಕ್ಕೆ ಕಾರಣ ಬೇರೆ. ಬೇರೆ ಬಗೆಯ ಹೊದಿಕೆಗೆ ಗ್ಯಾಸಿನ ಉರಿ ಹಿಡಿದು ಬಿಗಿಗೊಳಿಸಬೇಕು. ತೌಡಿನ ಧೂಳು ತುಂಬಿದ ಗಾಳಿಯಲ್ಲಿ ಉರಿ ಹಚ್ಚಿದರೆ ಗಿರಣಿಯೇ ಹೊತ್ತಿಕೊಳ್ಳಬಹುದು. ನಮ್ಮದಕ್ಕೆ ಬೆಂಕಿ ಬೇಡ, ಬೆಳಕು ಸಾಕು.

ಇನ್ನೊಂದು ಸಂಗತಿ. ಈ ಕೆಲಸದಲ್ಲಿ ಮೈಮೇಲೆ ಲೋಹ ಇರಬಾರದು. ಉಂಗುರ, ಬಳೆ, ಸರ, ಕಾಲುಂಗುರ ಎಲ್ಲ ಮನೆಯಲ್ಲಿ ಬಿಟ್ಟು ಬರಬೇಕು. ಗಂಡ ಇದ್ದಾಗ ನಾನು ಪ್ರತಿ ಬೆಳಿಗ್ಗೆ ಟಿ.ಬಿ. ಡ್ಯಾಂನ ನಮ್ಮ ಕ್ವಾರ್ಟರ್ಸಿನಲ್ಲಿ ತಾಳಿ ತೆಗೆದು ದೇವರ ಗೂಡಿನಲ್ಲಿಟ್ಟು ಬಸ್ಸು ಹತ್ತುತ್ತಿದ್ದೆ. ಅವರು ಕಾಲುವೆ ಕಚೇರಿಯ ಗುಮಾಸ್ತರು, ಹೃದಯಾಘಾತದಿಂದ ಹೋದರು. ಆಮೇಲೆ ಕೆಲಸಕ್ಕೆ ಬಂದಾಗ ನನ್ನ ಕುತ್ತಿಗೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಕೆಲಸದ ಬಟ್ಟೆಯೊಳಗೆ ನಾನು ಮೊದಲಿನ ಹಾಗೆಯೇ ಇದ್ದೆ. ಹಣೆಗೆ ಸಣ್ಣ ಸ್ಟಿಕ್ಕರು ಇಡುತ್ತಿದ್ದೆ, ಈಗಲೂ ಇಡುತ್ತೇನೆ. ಇವನ್ನೆಲ್ಲ ನಾನು ನಂಬುವುದಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ್ದೆ.

ಗಿರಣಿಯಲ್ಲಿ ಕುಸುಬಲಕ್ಕಿಗೆಂದು ಹೊಸ ಘಟಕ ಕಟ್ಟಿಸಿದ್ದರು. ಅವತ್ತು ಮಧ್ಯಾಹ್ನ ಊಟಕ್ಕೆ ಮೊದಲು ಅದನ್ನು ಚಾಲೂ ಮಾಡುವ ಮುಹೂರ್ತ. ನಾನು ಮತ್ತು ನನ್ನ ಜೊತೆಗಾರ ಬೆಳಿಗ್ಗೆಯೇ ಹೋಗಿದ್ದೆವು. ಅವನು ಸಂಡೂರಿನವನು, ಮೊದಲು ಗಣಿಯಲ್ಲಿ ಎಲೆಕ್ಟ್ರೀಷಿಯನ್ ಆಗಿದ್ದವನು, ನನಗಿಂತ ತುಸು ಚಿಕ್ಕವನು, ಬಾಯಿ ಮುಚ್ಚಿಕೊಂಡು ಇರಲಾರದವನು. ಪ್ಯಾನಲ್ಲಿನ ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಬಾಗಿಲು ಹಾಕಿದೆವು. ನಮ್ಮ ಕಡೆಯ ಬಿಸಿಲಿನಲ್ಲಿ ಈ ಪೇಸ್ಟು ಹಿಂಡುವ ಮೊದಲೇ ಗಟ್ಟಿಯಾಗತೊಡಗುತ್ತದೆ.

ಸಾವ್ಕಾರರು, ಎಂದರೆ ಗಿರಣಿಯ ಒಡೆಯರು, ಬಾಗಿಲು ಸಂದಿಯಿಂದ ಇಣುಕಿ, "ಇದೇನ್ರಿ, ಕತ್ತಲಾಗ ಕುಂತು ಏನ್ ಮಾಟ ಮಾಡಾಕತ್ತೀರಿ?" ಎಂದರು.

"ಬಾಗ್ಲಾ ಹಾಕ್ರಿ ಸಾವ್ಕಾರ್ರೆ, ನಿಮ್ಮ ಮಾರಿ ಬೆಳಕಿಗೇ ಗಟ್ಟಿ ಆಗಿಬಿಟ್ರ ಏನ್ ಮಾಡೂದು," ಎಂದ ಜೊತೆಗಾರ.

ಅವರು ನಕ್ಕು ಹೋದರು. ಮೂರು ಕೇಬಲ್ ತುದಿಗಳಿದ್ದವು. ಎರಡು ಮುಗಿದವು. ಮೂರನೆಯದಕ್ಕೆ ಪೇಸ್ಟು ಹಾಕುವ ಮೊದಲು ನೀರು ಕುಡಿಯಲು ನಾನು ಹೊರಗೆ ಬಂದೆ.

ಅಂಗಳದಲ್ಲಿ ಒಬ್ಬಾಕೆ ಚೀಲಕ್ಕೆ ತೌಡು ತುಂಬುತ್ತಿದ್ದಳು, ಗಿರಣಿಯಲ್ಲಿ ದಿನವೂ ದುಡಿಯುವಾಕೆ. ಗಿರಣಿಗೆ ಹೊಂದಿಕೊಂಡಂತೆ ಮನೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ಹೆಂಗಸರನ್ನು ಕೂರಿಸಿದ್ದರು. ಹೊಸದೇನಾದರೂ ಶುರು ಮಾಡುವಾಗ ಐದು ಜನ ಮುತ್ತೈದೆಯರಿಗೆ ಉಡಿ ತುಂಬುವುದು ಆ ಮನೆಯ ಪದ್ಧತಿ. ನಾಲ್ಕು ಜನ ಕೂತಿದ್ದರು. ಐದನೆಯವರು ಗಂಗಾವತಿಯಿಂದ ಬರಬೇಕಿತ್ತು, ಬಂದಿರಲಿಲ್ಲ.

ಒಡತಿ ಬಾಗಿಲಿಗೆ ಬಂದು ನನ್ನನ್ನು ನೋಡಿದರು.

"ಬರ್ರಿ ಅಕ್ಕಾರ, ಒಳಗ ಬರ್ರಿ. ದೇವ್ರು ಕಳಿಸ್ದಂಗ ಬಂದೀರಿ. ಒಬ್ರು ಕಡಿಮಿ ಆಗ್ಯಾರ ನೋಡ್ರಿ."

"ಬ್ಯಾಡ್ರಿ ಅಮ್ಮಾರ, ಕೆಲಸದ ಬಟ್ಟೀ ಐತಿ," ಎಂದೆ.

"ಬಟ್ಟಿಗೇನಾತು? ಕೆಲಸಾ ಮಾಡೋರಿಗೆ ಅಲ್ಲೇನು ಉಡಿ ತುಂಬಬೇಕಾದ್ದು? ಕುಂದ್ರಿ ಬರ್ರಿ."

ಬಟ್ಟೆಯ ನೆಪ ಹೇಳಿದೆನೇ ಹೊರತು ಬೇರೇನನ್ನೂ ಹೇಳಲಿಲ್ಲ. ಬೂಟು ಬಿಚ್ಚಿ ಒಳಗೆ ಹೋದೆ. ಅವರ ಕಣ್ಣು ನನ್ನ ಪಾದಕ್ಕೆ ಹೋಯಿತು.

"ಕಾಲುಂಗ್ರಾನೂ ತಗೀಬೇಕೇನ್ರಿ ನಿಮ್ಮ ಕೆಲಸದಾಗ?"

"ಹೌದ್ರಿ. ಮೈಮ್ಯಾಲೆ ಲೋಹ ಏನೂ ಇರಬಾರ್ದು."

ಇದು ಸತ್ಯ. ಕಂಪನಿಯ ಪ್ರತಿ ತರಬೇತಿಯಲ್ಲಿ ನಾನೇ ಹೇಳಿಕೊಡುವ ವಾಕ್ಯ. ಇದಕ್ಕಿಂತ ಅಚ್ಚುಕಟ್ಟಾದ ಸುಳ್ಳನ್ನು ನಾನು ಯಾವತ್ತೂ ಹೇಳಿಲ್ಲ.

"ಅಯ್ಯ ಶಿವನ, ತಾಳೀನೂ?" ಎಂದು ಕೂತಿದ್ದವರಲ್ಲಿ ಒಬ್ಬರು ಕೇಳಿದರು.

"ತಾಳೀಗೆ ಕರೆಂಟ್ ಹೊಡದ್ರ ತಾಳಿ ಕಟ್ಟಿದಾತ ಏನ್ ಮಾಡಬೇಕವಾ?" ಎಂದರು ಮತ್ತೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕದ್ದು ಖಚಿತವಾಗಿ ನೆನಪಿದೆ.

ಒಡತಿ ಬಟ್ಟಲಿನಿಂದ ಅರಿಶಿನ ತೆಗೆದರು. ಒಣಪುಡಿಯಲ್ಲ, ಎಣ್ಣೆ ಹಾಕಿ ಕಲಸಿದ್ದು. ಕೈ ಚಾಚಿದೆ, ಹಚ್ಚಿದರು. ಎರಡೂ ಕೆನ್ನೆಗೆ ಹಚ್ಚಿದರು. ಹಣೆಯ ಸ್ಟಿಕ್ಕರಿನ ಮೇಲೆ ಕುಂಕುಮ ಇಟ್ಟರು. ನನ್ನ ಮಡಿಲಿಗೆ ಅಕ್ಕಿ, ಕೊಬ್ಬರಿ, ಉತ್ತುತ್ತಿ, ಎಲೆ ಅಡಿಕೆ, ರವಿಕೆಗೆಂದು ಹಸಿರು ಕುಬಸದ ಕಣ ಬಿದ್ದವು. ಮಡಿಲೆಂದರೆ ಎರಡು ಜೇಬುಗಳ ನೀಲಿ ಕೋಟಿನ ಮುಂಭಾಗ. ಆಮೇಲೆ ಅವರು ಬಗ್ಗಿ ನನ್ನ ಪಾದ ಮುಟ್ಟಿದರು. ಅವರು ನನಗಿಂತ ಹಿರಿಯರು.

ಆ ಹೊತ್ತಿನಲ್ಲಿ ನನಗೆ ಏನನ್ನಿಸಿತು ಎನ್ನುವುದನ್ನು ಬರೆಯುವುದೇ ಕಷ್ಟ. ಭಯವಾಯಿತು, ಸಂಕಟವಾಯಿತು ಎಂದು ಬರೆದರೆ ಓದುವವರಿಗೂ ನನಗೂ ಹಗುರ. ಆಗಲಿಲ್ಲ. ಖುಷಿಯಾಯಿತು. ಶಾಲೆಯಲ್ಲಿ ಆಟಕ್ಕೆ ತಂಡ ಮಾಡುವಾಗ ಹೆಸರು ಕರೆದರೆ ಆಗುತ್ತಿದ್ದ ಖುಷಿ, ಅದೇ. ಗಂಡ ಹೋದಮೇಲೆ ನಮ್ಮ ಕ್ವಾರ್ಟರ್ಸಿನಲ್ಲಿ ಯಾರೂ ನನ್ನನ್ನು ಅವಮಾನಿಸಿರಲಿಲ್ಲ. ಅರಿಶಿನ ಕುಂಕುಮದ ತಟ್ಟೆ ನನ್ನ ಹತ್ತಿರ ಬಂದಾಗ ಸ್ವಲ್ಪ ಬೇಗ ದಾಟಿ ಹೋಗುತ್ತಿತ್ತು, ಅಷ್ಟೆ. ನಂಬುವುದಿಲ್ಲ ಎನ್ನುತ್ತಿದ್ದ ನಾನು ಆ ತಟ್ಟೆಯ ವೇಗವನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸುತ್ತಿದ್ದೆ ಎಂದು ಆ ಕಂಬಳಿಯ ಮೇಲೆ ಕೂತಾಗ ಗೊತ್ತಾಯಿತು.

ಹೊರಗೆ ಬಂದು ಬೂಟು ಹಾಕಿಕೊಳ್ಳುವಾಗ ತೌಡು ತುಂಬುತ್ತಿದ್ದಾಕೆ ನನ್ನ ಕೆನ್ನೆ ನೋಡಿ ನಕ್ಕಳು.

"ಮಸ್ತ್ ಕಾಣ್ತೀರಿ ಬಿಡ್ರಿ. ಹೊಸಪ್ಯಾಟಿಯಿಂದ ಬಂದಾಕಿ ಕಾಣ್ಸಿದ್ಲು, ಇಲ್ಲೇ ಕಣ್ಣಮುಂದ ನಾ ಅದೀನಿ, ನನ್ನ ಕಾಲುಂಗ್ರ ಯಾರಿಗೂ ಕಾಣಂಗಿಲ್ಲ."

ಅವಳ ಕಾಲುಂಗುರ ತೌಡಿನ ಧೂಳಿನಲ್ಲಿ ಮುಚ್ಚಿಹೋಗಿತ್ತು. ಆದರೆ ಅವಳು ಹೇಳಿದ್ದು ಧೂಳಿನ ಮಾತಲ್ಲ. ಆ ಮನೆಯಲ್ಲಿ ಅವಳಂಥವರನ್ನು ಕಂಬಳಿಯ ಮೇಲೆ ಕೂರಿಸುತ್ತಿರಲಿಲ್ಲ.

ನಲ್ಲಿಯಲ್ಲಿ ಕೈ ತೊಳೆದೆ. ಎಣ್ಣೆಯ ಅರಿಶಿನ ನೀರಿಗೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಕೈಗೆ ಗವಸು ಹಾಕುತ್ತೇನಲ್ಲ ಎಂದುಕೊಂಡೆ. ಕೆನ್ನೆ ತೊಳೆಯಲಿಲ್ಲ. ಮುಹೂರ್ತಕ್ಕೆ ಹೊತ್ತಾಗುತ್ತಿತ್ತು ಎನ್ನುವುದು ಕಾರಣ. ತೊಳೆಯುವ ಮನಸ್ಸಿರಲಿಲ್ಲ ಎನ್ನುವುದೂ ಕಾರಣ. ಯಾವುದು ಮೊದಲನೆಯದೆಂದು ಈಗ ತೀರ್ಮಾನಿಸಲಾರೆ.

ಕತ್ತಲೆ ಕೋಣೆಗೆ ಬಂದೆ. ಜೊತೆಗಾರ ಉಪಕರಣ ಜೋಡಿಸುತ್ತ ನನಗೆ ಬೆನ್ನು ಮಾಡಿದ್ದ. ನೇರಳೆ ದೀಪಕ್ಕೆಂದು ಹಾಕಿಕೊಳ್ಳುವ ಹಳದಿ ಕನ್ನಡಕದಲ್ಲಿ ಎಲ್ಲವೂ ಹಳದಿಯೇ. ಮೂರನೆಯ ತುದಿಗೆ ಪೇಸ್ಟು ಹಿಂಡಿದೆ, ಸವರಿದೆ. ಸೆಕೆ. ಕೆನ್ನೆಯಿಂದ ಬೆವರಿಳಿಯುತ್ತಿತ್ತು. ಗವಸಿನ ಬೆರಳಿನಲ್ಲೇ ಒರೆಸಿಕೊಂಡೆ, ಅದೇ ಬೆರಳಿನಿಂದ ಅಂಚು ತಿದ್ದಿದೆ. ಅಂಚನ್ನು ಕೊನೆಗೊಮ್ಮೆ ಬೆರಳಲ್ಲಿ ತಿದ್ದುವುದು ನನ್ನ ರೂಢಿ. ಹೊಸಬರಿಗೆ ಬೇಡ ಎನ್ನುತ್ತೇನೆ, ನಾನು ಮಾಡುತ್ತೇನೆ. ದೀಪ ಹಿಡಿದೆ. ಮೇಲ್ಮೈ ಹೊಳಪು ಕಳೆದುಕೊಂಡು ರಬ್ಬರಿನ ಹಾಗೆ ಕೂತಿತು.

ನನ್ನ ಕೆಲಸವನ್ನು ಜೊತೆಗಾರ, ಅವನ ಕೆಲಸವನ್ನು ನಾನು ಪರೀಕ್ಷಿಸಬೇಕೆಂಬುದು ನಮ್ಮ ನಿಯಮ. ಅವನು ಮರದ ಕಡ್ಡಿ ಹಿಡಿದು ಮೂರೂ ತುದಿಗಳ ಅಂಚನ್ನು ಒತ್ತಿ ನೋಡಿದ. ಅಷ್ಟರಲ್ಲಿ ಸಾವ್ಕಾರರೂ ಒಡತಿಯೂ ಬಾಗಿಲು ಅರ್ಧ ತೆರೆದು ಒಳಗೆ ಬಂದಿದ್ದರು. ಪೇಸ್ಟು ಗಟ್ಟಿಯಾದ ಮೇಲೆ ಬರಬಹುದೆಂದು ನಾನೇ ಹೇಳಿದ್ದೆ. ಒಡತಿಯ ಕೈಯಲ್ಲಿ ಪ್ಯಾನಲ್ಲಿಗೆ ಹಾಕಲು ಹೂವಿನ ಹಾರ ಇತ್ತು.

"ಅಕ್ಕಾ," ಎಂದ ಜೊತೆಗಾರ, "ಮೂರ್ನೇದು ಒಳಗ ಹಸಿ ಐತಿ."

ಕಡ್ಡಿ ಮೇಲಿನ ಪೊರೆಯನ್ನು ಹರಿದು ಒಳಗೆ ಇಳಿದಿತ್ತು, ಎಳೆದರೆ ದಾರವಾಗಿ ಬಂತು. ಹಾಗೆಯೇ ಕರೆಂಟು ಬಿಟ್ಟಿದ್ದರೆ ಅವತ್ತೇ ಏನೂ ಆಗುತ್ತಿರಲಿಲ್ಲ. ಆ ಹಸಿಯ ಜಾಗದಲ್ಲಿ ಕಣ್ಣಿಗೆ ಕಾಣದ ಕಿಡಿ ಸುತ್ತಾಡಿ, ಯಾವತ್ತೋ ಒಂದು ದಿನ ಪ್ಯಾನಲ್ಲಿನ ಮುಂದೆ ನಿಂತವನ ಮುಖಕ್ಕೆ ಸಿಡಿಯುತ್ತಿತ್ತು.

"ಪೇಸ್ಟ ಕೆಟ್ಟೈತೇನು?" ಎನ್ನುತ್ತ ಅವನು ಹತ್ತಿರದಿಂದ ನೋಡಲೆಂದು ದೀಪ ಹಚ್ಚಿದ. ಹಸಿಯ ಅಂಚು ಹಸಿರು ಹಳದಿಯಾಗಿ ಮಿಂಚಿತು. ಅರಿಶಿನಕ್ಕೆ ಆ ಬೆಳಕು ಬಿದ್ದರೆ ಹಾಗೆ ಹೊಳೆಯುತ್ತದೆ. ಬೆಳಕನ್ನು ತಾನೇ ಕುಡಿದು ಪೇಸ್ಟಿನ ಒಳಗೆ ಬಿಡುವುದಿಲ್ಲ. ದೀಪ ಪಕ್ಕಕ್ಕೆ ಸರಿದಾಗ ಗವಸು ಕಳಚಿದ್ದ ನನ್ನ ಕೈ ಮಿಂಚಿತು. ಉಗುರಿನ ಸಂದು, ಅಂಗೈಯ ಗೆರೆ, ಮಣಿಕಟ್ಟು, ನೀರಿನಲ್ಲಿ ಹೋಗಿದೆ ಎಂದುಕೊಂಡದ್ದೆಲ್ಲ ಅಲ್ಲಿತ್ತು.

ಜೊತೆಗಾರ ಕೈ ನೋಡಿದ. ಆಗ ಮೊದಲ ಸಲ ನನ್ನ ಮುಖ ನೋಡಿದ. ಅವನು ನನ್ನ ಗಂಡನ ಮಣ್ಣಿಗೆ ಬಂದಿದ್ದವನು. ತಟ್ಟನೆ ದೀಪ ಆರಿಸಿದ.

"ನಂದ ತಪ್ಪು ಸಾವ್ಕಾರ್ರೆ," ಎಂದ. "ಮುಂಜಾನಿ ಮನ್ಯಾಗ ಪೂಜಿ ಮಾಡಿ ಹಂಗ ಬಂದೆ. ನನ್ನ ಕೈಯಾಗಿನ ಅರಿಷಿಣ ಪೇಸ್ಟಿಗೆ ತಾಗೈತಿ."

"ಏನಪಾ ನೀನು!" ಸಾವ್ಕಾರರು ಸಿಡಿದರು. "ಮಂದಿ ಎಲ್ಲಾ ಬಂದ್ ಕುಂತಾರ. ಮುಹೂರ್ತ ತಪ್ಪಿಸ್ತೀಯೇನು? ಬುದ್ಧಿ ಐತೋ ಇಲ್ಲೋ? ನಿಮ್ಮ ಕಂಪ್ನಿಗೆ ಫೋನ್ ಹಚ್ತೀನಿ, ಇಂಥಾವನ್ನ ಕೆಲಸಕ್ಕ ಇಟ್ಕೊಂಡಾರ ಅಂತ ಹೇಳ್ತೀನಿ."

ಅವನು ತಲೆ ತಗ್ಗಿಸಿ ನಿಂತ. ಬಾಯಿ ಮುಚ್ಚದವನು ನನಗಾಗಿ ಬಾಯಿ ಮುಚ್ಚಿದ್ದ.

ನಾನು ಕೂಡಲೇ ಮಾತಾಡಿದೆ ಎಂದು ಒಂದು ಪ್ರತಿಯಲ್ಲಿ ಬರೆದಿದ್ದೇನೆ. ಇಲ್ಲ. ಸಾವ್ಕಾರರು ಫೋನು ಹೊರಗೆ ತೆಗೆಯುವ ತನಕ ನಾನು ಸುಮ್ಮನಿದ್ದೆ. ಆಮೇಲೆ, "ಆತಂದಲ್ಲರಿ, ನನ್ನ ಕೈದು. ನನಗ ಹಚ್ಚಿದ್ ಅರಿಷಿಣ," ಎಂದೆ.

ಒಡತಿ ಮುಂದೆ ಬಂದರು. "ಅಯ್ಯ, ಹಂಗಾದ್ರ ನಾನ ಹಚ್ಚಿದ್ದು! ಆಕಿ ಬ್ಯಾಡಂದ್ರೂ ನಾನ ಕುಂದ್ರಿಸಿದೆ. ಬೈಬ್ಯಾಡ್ರಿ ನೀವು, ಸುಮ್ನಿರ್ರಿ." ನನ್ನ ಭುಜದ ಮೇಲೆ ಕೈಯಿಟ್ಟರು. "ಹಚ್ಕೊಂಡಿದ್ದು ತಪ್ಪಲ್ಲ ಅಕ್ಕಾರ. ನಿಮ್ಮನಿಯವ್ರ ಆಯುಷ್ಯ ಗಟ್ಟಿ ಆಗ್ಲಿ ಅಂತ ಅಲ್ಲೇನು? ಇದು ಇನ್ನೊಮ್ಮಿ ಗಟ್ಟಿ ಮಾಡಿದ್ರಾತು."

ಅಲ್ಲಿಗೆ ಮುಗಿಯಬಹುದಿತ್ತು. ಜೊತೆಗಾರ ಕಣ್ಣಿನಲ್ಲಿಯೇ ಬೇಡ ಎಂದ. ಸಾವ್ಕಾರರು ಫೋನನ್ನು ಜೇಬಿಗೆ ಹಾಕಿಕೊಂಡಿದ್ದರು. ಭುಜದ ಮೇಲಿನ ಕೈ ಬೆಚ್ಚಗಿತ್ತು. ಆದರೆ ಆ ಹೆಂಗಸು ತನ್ನ ಮನೆಯ ಹೊಸ ಕೆಲಸಕ್ಕೆ ನನ್ನನ್ನು ಲೆಕ್ಕಕ್ಕೆ ಹಿಡಿದು ಕಾಲು ಮುಟ್ಟಿದ್ದರು. ನಾನು ನಂಬದಿದ್ದರೇನು, ಅವರು ನಂಬಿದ್ದರು. ನಾಳೆ ಆ ಗಿರಣಿಯಲ್ಲಿ ಒಂದು ಬೆಲ್ಟು ಹರಿದರೂ, ಯಾರೋ ಡ್ಯಾಂ ಕಡೆಯವರು ನನ್ನ ಸಂಗತಿ ಹೇಳಿದರೂ, ಆಗ ಅವರು ಯಾರ ಮುಖ ನೋಡಬೇಕು?

"ಅವರಿಲ್ಲರಿ," ಎಂದೆ.

"ಯಾರು?"

"ನಮ್ಮನಿಯವ್ರು. ತೀರ್ಕೊಂಡಾರ."

ಕೈ ಭುಜದಿಂದ ಹೋಯಿತು. ಎತ್ತಿಕೊಂಡರೋ, ಜಾರಿತೋ. ಸಾವ್ಕಾರರು ಕಿಟಕಿಗೆ ಕಟ್ಟಿದ ಬಟ್ಟೆಯನ್ನು ನೋಡತೊಡಗಿದರು. ಒಡತಿಯ ಮುಖ ಕೆಂಪಾಗಿತ್ತು, ಅದು ಸಿಟ್ಟೆಂದು ಆಗ ತಿಳಿದೆ. ಅಲ್ಲ ಎಂದು ಈಗ ಅನ್ನಿಸುತ್ತದೆ. ಅವರಿಗೂ ನಾಚಿಕೆಯಾಗಿತ್ತು.

"ಹೇಳಬಾರ್ದೇನ್ರಿ ಅಕ್ಕಾರ," ಎಂದರು ಮೆಲ್ಲಗೆ. "ನಾ ಏನ್ ನಿಮ್ಮನ್ನ ಎಬ್ಬಿಸಿ ಕಳಿಸ್ತಿದ್ನೇನು?"

ಅದಕ್ಕೆ ಇಬ್ಬರಿಗೂ ಉತ್ತರ ಗೊತ್ತಿತ್ತು. ಹೂವಿನ ಹಾರವನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಅವರು ಮನೆಯೊಳಗೆ ಹೋದರು.

ನಾನು ಮುಖ, ಕೈ, ಮಣಿಕಟ್ಟುಗಳನ್ನು ಸೋಪು ಹಾಕಿ ಉಜ್ಜಿ ತೊಳೆದು ಬಂದೆ. ಮೂರನೆಯ ತುದಿಯ ಹೊದಿಕೆಯನ್ನು ಸೀಳಿ ಕಿತ್ತೆವು. ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿದೆವು. ಪೇಸ್ಟು ಹಾಕುವುದನ್ನು ಜೊತೆಗಾರನಿಗೆ ಬಿಟ್ಟು ನಾನು ದೀಪ ಹಿಡಿದೆ. ಗೋಡೆಯ ಆಚೆ ಹೆಂಗಸರ ದನಿ ಕೇಳುತ್ತಿತ್ತು. ಯಾರಿಗೋ ಫೋನು ಮಾಡಿ ಜಲ್ದಿ ಬಾ ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಸ್ಕೂಟರು ಬಂದು ನಿಂತ ಸದ್ದು. ಆಮೇಲೆ ಕಂಬಳಿ ಕೊಡವಿದ ಸದ್ದು. ಉಡಿ ತುಂಬುವುದನ್ನು ಮೊದಲಿನಿಂದ ಮಾಡುತ್ತಿದ್ದರು. ಯಾರೂ ನನ್ನ ಬಗ್ಗೆ ಒಂದು ಕೆಟ್ಟ ಮಾತಾಡಿದ್ದು ನನಗೆ ಕೇಳಿಸಲಿಲ್ಲ. ಅಂಗಳದಲ್ಲಿ ತೌಡಿನಾಕೆ ಈ ಸಲವೂ ಚೀಲ ತುಂಬುತ್ತಲೇ ಇದ್ದಳು, ಕರೆದದ್ದು ಸ್ಕೂಟರಿನವರನ್ನು. ಅವಳನ್ನು ಬಿಟ್ಟು ನನ್ನನ್ನು ಕರೆದಿದ್ದರಲ್ಲ ಎಂಬ ಒಂದು ಹೀನ ಸಮಾಧಾನ ಆಗ ನನ್ನೊಳಗೆ ಸುಳಿಯಿತು. ಇದನ್ನು ಬರೆಯದೆ ಬಿಟ್ಟ ಪ್ರತಿಗಳೂ ಇವೆ.

ಮೂರನೆಯ ತುದಿ ಗಟ್ಟಿಯಾಯಿತು. ಕಡ್ಡಿ ಒತ್ತಿ ನಾನೇ ನೋಡಿದೆ. ಮುಹೂರ್ತ ಮೀರುವ ಮೊದಲೇ ಕರೆಂಟು ಬಿಟ್ಟರು, ಯಂತ್ರ ತಿರುಗಿತು.

ಊಟಕ್ಕೆ ನಮ್ಮನ್ನು ಬಿಡಲಿಲ್ಲ. ಒಡತಿಯೇ ಬಡಿಸಿದರು. ನನ್ನ ಎಲೆಗೆ ಹೋಳಿಗೆ ಎರಡು ಹೆಚ್ಚು ಬಿತ್ತು, ತುಪ್ಪ ಹರಿಯಿತು. "ತಿನ್ರಿ, ನೀವು ಏನೂ ತಿಂದಿಲ್ಲ," ಎನ್ನುತ್ತಲೇ ಇದ್ದರು. ಹಸಿರು ಕುಬಸದ ಕಣವನ್ನು ಹಿಂದಕ್ಕೆ ಕೊಡಲು ಹೋದೆ.

"ಕೊಟ್ಟದ್ದು ತಿರುಗಿ ತಗೊಳ್ಳಾಂಗಿಲ್ಲ," ಎಂದರು. ಕೈ ಹಿಂದಕ್ಕೆ ಕಟ್ಟಿಕೊಂಡಿದ್ದರು.

ಹೊರಡುವಾಗ ಬೈಕಿನ ತನಕ ಬಂದರು. "ವರ್ಷಕ್ಕೊಮ್ಮಿ ನೋಡಾಕ ಬರಬೇಕಾಗ್ತೈತಿ ಅಂದ್ರಲ್ಲ. ಮತ್ತ ನೀವ ಬರ್ತೀರೋ, ಬ್ಯಾರೆ ಯಾರನ್ನರ ಕಳಸ್ತೀರೋ?"

"ಬ್ಯಾರೆಯವ್ರು ಬರ್ತಾರ್ರಿ," ಎಂದೆ.

"ಹಂಗಂದ್ರ ಆತು," ಎಂದರು. ಅವರ ಮುಖ ಸಡಿಲವಾಯಿತು. ಅಥವಾ ಸಡಿಲವಾದದ್ದು ನನ್ನದೇ ಇರಬಹುದು. ಆ ಕ್ಷಣದಲ್ಲಿ ಎರಡು ಮುಖಗಳ ನಡುವೆ ನನಗೆ ಗೆರೆ ಎಳೆಯಲಾಗುವುದಿಲ್ಲ.

ಯಾರು ಯಾವ ಊರಿಗೆ ಹೋಗಬೇಕೆಂದು ಕಂಪನಿಯಲ್ಲಿ ಹಂಚುವವಳು ನಾನೇ. ಕಂಪ್ಲಿಯ ಕೆಲಸ ಬಂದರೆ ಜೊತೆಗಾರನನ್ನು ಕಳಿಸುತ್ತೇನೆ. ಆ ಗಿರಣಿಯ ತಪಾಸಣೆಗೂ ಅವನೇ ಹೋದ. ತಿರುಗಿ ಬಂದು ಮೂರು ತುದಿಗಳೂ ಚೆನ್ನಾಗಿವೆ ಎಂದ. ನಾನು ಬೇರೇನೂ ಕೇಳದೆ ಕೂತಿದ್ದನ್ನು ನೋಡಿ, "ಸಾವ್ಕಾರ್ತಿ ನಿಮ್ಮನ್ನ ಕೇಳಿದ್ರು," ಎಂದ.

"ಏನಂತ?"

"ಅಕ್ಕಾರು ಆರಾಮ ಅದಾರೇನು ಅಂತ."

ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. "ಎಲ್ಲಾರ ಮುಂದ ಕೇಳಿದ್ರೋ, ನೀನೊಬ್ಬನ ಇದ್ದಾಗ ಕೇಳಿದ್ರೋ?"

ಅವನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಿದ್ದವನು ನನ್ನನ್ನೇ ನೋಡಿದ.

"ಅದನ್ಯಾರ್ ನೋಡ್ತಾರ ಬಿಡಕ್ಕಾ," ಎಂದ.

ನಾನಾಗಿದ್ದರೆ ನೋಡುತ್ತಿದ್ದೆ.